ಮಾರಾಟ ಪೂರ್ಣವಾಗುವುದು ಯಾವಾಗ? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹೇಳುವ ಪಾಠ

18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನರು ಮೈಸೂರು ರಾಜ್ಯದಲ್ಲಿ ರೇಷ್ಮೆ ಕೃಷಿಗೆ ನೀಡಿದ ಪ್ರೋತ್ಸಾಹವು ಇಂದಿಗೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಸೀಮೆಯ ಹಿಪ್ಪುನೇರಳೆ ತೋಟಗಳಲ್ಲಿ ಉಳಿದುಬಂದಿದೆ. ಶಿಡ್ಲಘಟ್ಟದಲ್ಲಿ ಗೂಡು ಕೊಂಡು ನೂಲು ಬಿಚ್ಚುವ ಕಸುಬು ಅನೇಕ ಮುಸ್ಲಿಮ್ ಕುಟುಂಬಗಳ ಜೀವನಾಧಾರ. ಆದ್ದರಿಂದ ಮಾರಾಟ ಯಾವಾಗ ಪೂರ್ಣವಾಗುತ್ತದೆ ಎಂಬುದು ನಮಗೆ ಬರೀ ಗ್ರಂಥದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆಯೂ ಹೌದು.

ಗೂಡನ್ನು ಬಹಳ ದಿನ ಇಟ್ಟುಕೊಳ್ಳಲಾಗದು. ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದರೆ ನೂಲಿನ ಎಳೆ ಕಡಿದುಹೋಗುತ್ತದೆ. ಈ ಅವಸರವೇ ರೈತನ ದೌರ್ಬಲ್ಯವಾಗಿತ್ತು. ಹಿಂದೆ ದಲ್ಲಾಳಿಗಳು ಮನೆಬಾಗಿಲಲ್ಲೇ ದರ ಕಟ್ಟುತ್ತಿದ್ದರು. 1959ರ ಕಾಯಿದೆಯ ಬಳಿಕ ಗೂಡಿನ ವಹಿವಾಟು ಸರಕಾರದ ನಿಯಂತ್ರಣಕ್ಕೆ ಬಂದಿತು. ಮಾರುಕಟ್ಟೆಯಲ್ಲಿ ಬಹಿರಂಗ ಹರಾಜು, ಎಲ್ಲರ ಮುಂದೆ ತೂಕ, ದರ ಒಪ್ಪದಿದ್ದರೆ ನಿರಾಕರಿಸುವ ಅವಕಾಶ ರೈತನಿಗೆ ದೊರೆತವು. ಈಚಿನ ವರ್ಷಗಳಲ್ಲಿ ಇ-ಹರಾಜು, ಬ್ಯಾಂಕ್ ಖಾತೆಗೆ ಪಾವತಿಯೂ ಸೇರಿವೆ.

ಪರಸ್ಪರ ಸಮ್ಮತಿಯಿಂದಲೇ ವ್ಯಾಪಾರ ನಡೆಯಬೇಕೆಂದು ಪವಿತ್ರ ಕುರ್‌ಆನ್ (4:29) ಆದೇಶಿಸುತ್ತದೆ. ಈಜಾಬ್ ಮತ್ತು ಖಬೂಲ್, ಅಂದರೆ ಕೊಡುವೆನೆಂಬ ಮಾತು ಹಾಗೂ ಕೊಳ್ಳುವೆನೆಂಬ ಮಾತು, ಕರಾರನ್ನು ಕಟ್ಟುತ್ತವೆ. ಆದರೆ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ. ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿ ಮುಹಮ್ಮದ್(ಸ)ರು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ತೇವ ಕಂಡಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದನು. ಹಾಗಾದರೆ ಅದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಕೇಳಿ, ವಂಚಿಸುವವನು ನಮ್ಮವನಲ್ಲವೆಂದು ಅವರು ಎಚ್ಚರಿಸಿದರೆಂದು ಸಹೀಹ್ ಮುಸ್ಲಿಮ್ ವರದಿ ಮಾಡಿದೆ. ದೋಷ ಮುಚ್ಚಿಟ್ಟು ಮಾರಿದ ಸರಕನ್ನು ಹಿಂದಿರುಗಿಸುವ ಹಕ್ಕನ್ನು ಫಿಕ್ಹ್ ವಿದ್ವಾಂಸರು ಕೊಂಡವನಿಗೆ ನೀಡಿದ್ದಾರೆ.

ರಾಶಿಯ ತಳದಲ್ಲಿ ಕಲೆಗೂಡು, ಹಸಿಗೂಡು ಅಡಗಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಕೊಳ್ಳುವವರಿಗೂ ಹೊಣೆಯಿದೆ. ಶಕ್ತನಾದವನು ಹಣ ಕೊಡಲು ಸತಾಯಿಸುವುದು ಅನ್ಯಾಯವೆಂದು ಹದೀಸ್ ಹೇಳುತ್ತದೆ. ಹಣಕ್ಕೆ ವಾಯಿದೆ ಹೇಳಿದರೆ ಅದನ್ನು ಬರೆದಿಡಬೇಕೆಂದು ಕುರ್‌ಆನ್ (2:282) ಕಲಿಸುತ್ತದೆ.

ಹರಾಜಿನಲ್ಲಿ ಕೊನೆಯ ಕೂಗು ನಿಂತಾಗ ದರವಷ್ಟೇ ನಿರ್ಧಾರವಾಗುತ್ತದೆ. ದೋಷ ತಿಳಿಸಿ, ತೂಕ ಸರಿಯಿಟ್ಟು, ಸರಕು ಕೈಗೊಪ್ಪಿಸಿ, ಹಣ ಸಂದಾಗಲೇ ನಮ್ಮ ಹೊಣೆ ತೀರುತ್ತದೆ. ಮಾರುವವನೂ ಕೊಳ್ಳುವವನೂ ಸತ್ಯ ನುಡಿದರೆ ವ್ಯಾಪಾರದಲ್ಲಿ ಬರಕತ್ ಇರುವುದು, ಮುಚ್ಚಿಟ್ಟರೆ ಅದು ಅಳಿಯುವುದು ಎಂಬುದು ಪ್ರವಾದಿ(ಸ)ರ ಬೋಧನೆ. ಕಾಯಿದೆಯು ತಕ್ಕಡಿಯನ್ನು ಕಾಯಬಲ್ಲದು. ತಕ್ಕಡಿ ಹಿಡಿದ ಮನಸ್ಸನ್ನು ಅಲ್ಲಾಹನ ಭಯವೇ ಕಾಯಬೇಕು.