ವಜ್ರಮುಷ್ಟಿಯ ಬಂಧವೂ ಪ್ರಹಾರವೂ

ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು, ಜಂಬೂಸವಾರಿ ಹೊರಡುವುದಕ್ಕೆ ಮುನ್ನ ನಡೆಯುವ ಜಟ್ಟಿಕಾಳಗವನ್ನು ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಬೋಳುತಲೆಯಿಂದ ಇಳಿಯುವ ನೆತ್ತರೇ ಹೊರತು, ಅದನ್ನು ಬರಿಸಿದ ಕೈಯ ಕೌಶಲವಾಗಲಿ ಆ ಕೈಗೆ ಬಿಗಿದ ಆಯುಧದ ರಚನೆಯಾಗಲಿ ಅಲ್ಲ. ಈ ಆಯುಧದ ಪ್ರಯೋಗಕ್ರಮವು ಬಹುಮಟ್ಟಿಗೆ ಅದನ್ನು ಬೆರಳಿಗೆ ಕಟ್ಟುವ ರೀತಿಯಿಂದಲೇ ಹುಟ್ಟಿತೆಂದೂ, ವಜ್ರಮುಷ್ಟಿಯು ಜಟ್ಟಿಯ ಬಲವನ್ನು ಇಮ್ಮಡಿಸುವ ಸಾಧನವಾಗಿರುವಷ್ಟೇ ಆ ಬಲಕ್ಕೆ ಮೇರೆಯನ್ನು ಹಾಕುವ ಸಾಧನವೂ ಆಗಿದೆಯೆಂದೂ ಇಲ್ಲಿ ಪ್ರತಿಪಾದಿಸಲಾಗುವುದು.

ಆಯುಧದ ಅತ್ಯಂತ ಸೂಕ್ಷ್ಮವಾದ ವರ್ಣನೆಯನ್ನು ನಮಗೆ ಬಿಟ್ಟುಹೋದವನು, ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಮೈಸೂರಿನಲ್ಲಿ ರೆಸಿಡೆಂಟನ ಅಧಿಕಾರವನ್ನು ನಡೆಸಿದ ಮಾರ್ಕ್ ವಿಲ್ಕ್ಸ್. 1810 ರಿಂದ 1817 ರವರೆಗೆ ಪ್ರಕಟವಾದ ತನ್ನ ಮೈಸೂರು ಇತಿಹಾಸದಲ್ಲಿ ಅವನು ಹೇಳುವಂತೆ, ಎಮ್ಮೆಯ ಕೊಂಬಿನಿಂದ ಕಡೆದು ಅಂಗೈಗೆ ಹೊಂದುವಂತೆ ಮಾಡಿದ ಈ ಉಪಕರಣಕ್ಕೆ ಬೆರಳ ಗೆಣ್ಣುಗಳ ನೇರಕ್ಕೆ ನಾಲ್ಕು ಚೂಪಾದ ಗುಬುಟುಗಳೂ, ಕಿರುಬೆರಳಿನ ಕೊನೆಯಲ್ಲಿ, ಉಳಿದ ನಾಲ್ಕಕ್ಕೆ ಲಂಬವಾಗಿ, ಅವಕ್ಕಿಂತ ಎತ್ತರವಾದ ಐದನೆಯದೊಂದೂ ಇರುತ್ತಿದ್ದುವು. ಇದನ್ನು ಸರಿಯಾದ ಸ್ಥಾನದಲ್ಲಿ ಹಿಡಿದರೆ ಸಾಧಾರಣ ಬಲದವನೂ ಒಂದೇ ಏಟಿಗೆ ಎದುರಾಳಿಯ ತಲೆಯನ್ನು ಸೀಳಬಲ್ಲನು. ಆದರೆ ಜಟ್ಟಿಗಳು ಅದನ್ನು ಹಾಗೆ ಹಿಡಿಯರು. ಆಯುಧದೊಳಕ್ಕೆ ಬೆರಳುಗಳನ್ನು ತೂರಿಸಿ, ಬುಡದ ಗೆಣ್ಣಿಗೂ ಅದರ ಮುಂದಿನ ಗೆಣ್ಣಿಗೂ ನಡುವೆ ಅದು ಅಡ್ಡಲಾಗಿ ಕೂರುವಂತೆ ಬಿಗಿಯುತ್ತಾರೆ. ಈ ಸ್ಥಾನದಿಂದ ಭರದ ಏಟನ್ನು ಹಾಕಹೊರಟವನ ಬೆರಳುಗಳ ಕೀಲೇ ಮೊದಲು ತಪ್ಪುವುದೆಂದು ವಿಲ್ಕ್ಸನು ಗುರುತಿಸಿದ್ದಾನೆ. ಅವನ ಬರಹದಲ್ಲಿ ಇದೊಂದು ಪ್ರಾಸಂಗಿಕ ಮಾತು. ನನ್ನ ಎಣಿಕೆಯಲ್ಲಿ ಇಡೀ ವಿದ್ಯೆಯ ಬೀಗದ ಕೈ ಇಲ್ಲಿಯೇ ಇದೆ.

ಏಕೆಂದರೆ, ಭುಜದ ಬಲವನ್ನೆಲ್ಲ ಮುಷ್ಟಿಗೆ ತಂದು ನೇರವಾಗಿ ಗುದ್ದುವ ಮಾರ್ಗವು ಹೀಗೆ ಮುಚ್ಚಿಹೋದಾಗ ಉಳಿಯುವುದು, ಮಣಿಕಟ್ಟನ್ನು ತಿರುಗಿಸಿ ಚರ್ಮವನ್ನು ಗೀರುವ ಲಘುಪ್ರಹಾರ ಹಾಗೂ ಮುಷ್ಟಿಯ ಕಿರುಬೆರಳ ಪಾರ್ಶ್ವದಿಂದ ಮೇಲಿನಿಂದ ಕೆಳಕ್ಕೆ ಕುಟ್ಟುವ ಅಧಃಪ್ರಹಾರ, ಇವೆರಡೇ. ಐದನೆಯ ಗುಬುಟು ಮಿಕ್ಕವುಗಳಿಗೆ ಲಂಬವಾಗಿರುವುದಕ್ಕೆ ಕಾರಣವೂ ಇದೇ ಇರಬೇಕೆಂದು ಊಹಿಸಬಹುದು: ಕುಟ್ಟುವಾಗ ಭಾರವು ಬೆರಳ ಕೀಲುಗಳನ್ನು ಹಿಂದಕ್ಕೆ ಮಡಿಸದೆ ಮುಷ್ಟಿಯ ಅಂಚಿನ ಮೇಲೆ ಬೀಳುತ್ತದೆ. ಹೊಡೆಯಲು ಅನುಮತಿಯಿದ್ದುದು ತಲೆಗೆ ಮಾತ್ರವೆಂಬ ನಿಯಮವು ಈ ರಚನೆಗೆ ಚೆನ್ನಾಗಿ ಹೊಂದುತ್ತದೆ. ಗುರಿ ಒಂದೇ ಆದುದರಿಂದ ರಕ್ಷಣೆಯ ಕ್ರಮವೂ ಸರಳ. ಆಯುಧವಿಲ್ಲದ ಎಡಗೈ ಎದುರಾಳಿಯ ಬಲಮಣಿಕಟ್ಟನ್ನು ಅರಸುತ್ತದೆ, ಅದು ಸಿಕ್ಕಿದೊಡನೆ ಕಾಳಗವು ಮುಷ್ಟಿಯಿಂದ ಪಟ್ಟಿಗೆ ತಿರುಗುತ್ತದೆ. ವಿಲ್ಕ್ಸನು ಇದನ್ನು ಕುಸ್ತಿ ಮತ್ತು ಮುಷ್ಟಿಯುದ್ಧಗಳ ಮಿಶ್ರಣವೆಂದು ಕರೆದುದು ಯಥಾರ್ಥ. ಕಾವಿಯಲ್ಲಿ ಅದ್ದಿದ ಬಟ್ಟೆಯನ್ನು ಮುಷ್ಟಿಗೆ ಸುತ್ತಿ, ಏಟು ತಗಲಿದಲ್ಲಿ ಬಣ್ಣ ಬೀಳುವಂತೆ ಸೆಣಸುವ ಪದ್ಧತಿಯೂ ಉಂಟು. ಬಲಕ್ಕಿಂತ ಗುರಿಗೆ ಬೆಲೆಯಿರುವ ವಿದ್ಯೆಗೆ ಇಂಥ ಅಭ್ಯಾಸವೇ ತಕ್ಕುದು.

ಈ ನಿಯಮಗಳು ಎಂದಿನಿಂದ ಬಂದುವು? ಮಾನಸೋಲ್ಲಾಸದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟು, ಮಲ್ಲರನ್ನು ಜ್ಯೇಷ್ಠಿಕರೇ ಮೊದಲಾದ ವರ್ಗಗಳಾಗಿ ವಿಂಗಡಿಸಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿಯೇ ಈ ವೃತ್ತಿಗೆ ರಾಜಾಶ್ರಯವಿದ್ದುದಕ್ಕೆ ಅದು ಸಾಕ್ಷಿ. ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸರಲ್ಲಿ ಡೊಮಿಂಗೊ ಪಾಯೆಸನು, ಹಲ್ಲು ಮುರಿದು ಕಣ್ಣು ಹೋಗುವಂಥ ಏಟುಗಳನ್ನೂ, ಮಾತಿಲ್ಲದೆ ಬಿದ್ದವರನ್ನು ಗೆಳೆಯರು ಹೊತ್ತೊಯ್ಯುವುದನ್ನೂ ಬಣ್ಣಿಸುತ್ತಾನೆ. ನೂನಿಜನು ಕೈಯಲ್ಲಿ ಹಿಡಿದ, ಮೊನೆಗಳುಳ್ಳ ಎರಡು ಬಳೆಗಳನ್ನು ಹೇಳುತ್ತಾನೆ. ಇವೆರಡನ್ನೂ ಒಂದಾಗಿ ಓದಿ, ಅಂದು ಮುಖಕ್ಕೂ ವಜ್ರಮುಷ್ಟಿಯಿಂದ ಹೊಡೆಯುತ್ತಿದ್ದರೆಂದು ತೀರ್ಮಾನಿಸುವ ಆತುರ ಸಲ್ಲದು. ಪಾಯೆಸನು ಆಯುಧದ ಮಾತನ್ನೇ ಎತ್ತಿಲ್ಲ, ಅವನು ಕಂಡುದು ಬರಿಗೈಯ ಮಲ್ಲಯುದ್ಧವೂ ಆಗಿರಬಹುದು. ಆದರೆ ನೂನಿಜನ ಎರಡು ಬಳೆಗಳಿಗೂ ಮೈಸೂರಿನ ಜಟ್ಟಿ ಬಲಗೈಗೆ ಮಾತ್ರ ಕಟ್ಟುವ ಒಂದು ಆಯುಧಕ್ಕೂ ಇರುವ ಅಂತರ ಸಣ್ಣದಲ್ಲ. ಎಡಗೈ ಬರಿದಾದುದರಿಂದಲೇ ಪಟ್ಟಿಗೆ ಅವಕಾಶವಾಯಿತು.

ಪಾಯೆಸನ ಕಾಲದಲ್ಲಿಯೂ ಕಣದಲ್ಲಿ ತೀರ್ಪುಗಾರರಿದ್ದರು. ವಿಲ್ಕ್ಸನ ಕಾಲದಲ್ಲಿ ನೆತ್ತಿಯ ರಕ್ತವು ಕಣದ ಮಣ್ಣಿನವರೆಗೆ ಹರಿದ ಮೇಲೂ ಹೋರಾಟ ಮುಂದುವರಿಯುತ್ತಿದ್ದು, ಅದು ಮಿತಿಮೀರಿದಾಗ ಮಧ್ಯಸ್ಥರು ಪೇಟ, ಉಡುಗೆಗಳನ್ನು ಕಣಕ್ಕೆಸೆದು ನಿಲ್ಲಿಸುತ್ತಿದ್ದರು. ಈಗ ಮೊದಲ ಹನಿಗೇ ಕಾಳಗ ಮುಗಿಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ಸೆಣಸುವ ಜೋಡಿಯಾಟಗಳು ಹಲವು ವೇಳೆ ಒಂದು ನಿಮಿಷವನ್ನೂ ತೆಗೆದುಕೊಳ್ಳುವುದಿಲ್ಲ. ತಲೆಯನ್ನು ಬೋಳಿಸುವುದರ ಉಪಯೋಗವೂ ಇಲ್ಲಿ ಸ್ಪಷ್ಟ, ಅತಿ ಸಣ್ಣ ಗೀರು ಸಹ ಹಿರಿಯರ ಕಣ್ಣಿಗೆ ಮರೆಯಾಗದು. ಗೆದ್ದವನು ತಾನಿನ್ನೂ ದಣಿದಿಲ್ಲವೆಂದು ತೋರಿಸಲು ನಾಲ್ಕೈದು ಲಾಗ ಹಾಕುತ್ತ ಕಣವನ್ನು ಬಿಡುತ್ತಿದ್ದನೆಂಬ ವಿಲ್ಕ್ಸನ ಮಾತನ್ನು ಕೆಲವರು ಬರಿಯ ವಿನೋದವೆಂದು ಓದುವುದುಂಟು. ನೆತ್ತಿಯಿಂದ ನೆತ್ತರು ಸುರಿಯುತ್ತಿರುವವನು ಲಾಗ ಹಾಕಬಲ್ಲನಾದರೆ, ಆ ಏಟು ಎಲುಬಿನವರೆಗೆ ಇಳಿದಿರಲಾರದು.