ಹಂಪಿಯ ಬಂಡೆಗುಡ್ಡಗಳು

ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಈ ಬಂಡೆಗಳಲ್ಲಿ ಬಹುಪಾಲು ಇದ್ದಲ್ಲೇ ರೂಪುಗೊಂಡವು. ಸುಮಾರು 250 ಕೋಟಿ ವರ್ಷಗಳ ಹಿಂದೆ ಶಿಲಾಪಾಕ, ಅಂದರೆ ಕರಗಿದ ಕಲ್ಲಿನ ರಸ, ನೆಲದಾಳದಲ್ಲಿ ತಣಿದು ಗ್ರಾನೈಟ್ ಆಯಿತು. ಮೇಲಿನ ಪದರಗಳು ಸವೆದು ಭಾರ ಇಳಿದಂತೆ ಅದು ಅಡ್ಡಕ್ಕೂ ಉದ್ದಕ್ಕೂ ಬಿರುಕುಬಿಟ್ಟಿತು. ಬಿರುಕಿಗಿಳಿದ ಮಳೆನೀರು ಶಿಲೆಯಲ್ಲಿನ ಫೆಲ್ಡ್‌ಸ್ಪಾರ್ ಖನಿಜವನ್ನು ಜೇಡಿಮಣ್ಣಾಗಿಸುತ್ತ, ಮೂರೂ ಕಡೆಯಿಂದ ನೀರು ತಾಗುವ ಮೂಲೆಗಳನ್ನು ಮೊದಲು ಸವೆಸಿದ್ದರಿಂದ ಚೌಕ ತುಂಡುಗಳು ಮಣ್ಣಿನೊಳಗೇ ದುಂಡಗಾದವು. ಇದೇ ಗೋಳಾಕಾರದ ಶಿಥಿಲೀಕರಣ. ಸುತ್ತಲಿನ ಸಡಿಲ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಗಟ್ಟಿ ತಿರುಳಷ್ಟೇ ಹೊರಗೆ ಉಳಿಯಿತು. ಬಂಡೆಯ ಮೈಯಿಂದ ಈರುಳ್ಳಿ ಸಿಪ್ಪೆಯಂತೆ ಏಳುವ ಚಕ್ಕೆಗಳಲ್ಲಿ ಆ ಕೆಲಸ ಇಂದಿಗೂ ನಡೆದಿದೆ. ಕೆಲವು ಬಂಡೆಗಳ ಅಂಚಿನಲ್ಲಿ ಸಾಲಾಗಿ ಕಾಣುವ ಕುಳಿಗಳು ಮಾತ್ರ ಬೆಣೆ ಬಡಿದು ಕಲ್ಲು ಸೀಳಿದ ಕಲ್ಲುಕುಟಿಗರವು.