ಮುಟ್ಟಿನ ಮುಂಚಿನ ವಾರ: ಒಂದು ರೋಗನಿರ್ಣಯದ ಪ್ರಶ್ನೆ

ಬೆಂಗಳೂರಿನ ಶ್ರೀನಗರ, ಹನುಮಂತನಗರದ ಕಡೆಯ ಮನೆಗಳ ಗೋಡೆಯ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಸಾಮಾನ್ಯ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನಗಳ ನಡುವೆ ಸಣ್ಣದೊಂದು ಸೊನ್ನೆಯೂ ಅದರಲ್ಲಿರುತ್ತದೆ: ಮುಟ್ಟು ಶುರುವಾದ ದಿನ. ಹಬ್ಬ, ವ್ರತಗಳ ಲೆಕ್ಕಾಚಾರಕ್ಕೆ ಅದು ಬೇಕು. ಅದರ ಹಿಂದಿನ ವಾರ ಹೇಗಿತ್ತೆಂದು ಮಾತ್ರ ಯಾರೂ ಬರೆದಿಡುವುದಿಲ್ಲ. ತೀವ್ರ ಮುಟ್ಟುಪೂರ್ವ ಮನೋವ್ಯಾಧಿ, ಅಂದರೆ ಪಿಎಂಡಿಡಿ, ನಮ್ಮಲ್ಲಿ ಪತ್ತೆಯಾಗದಿರಲು ಈ ಖಾಲಿ ಚೌಕಗಳೇ ಮುಖ್ಯ ಕಾರಣವೆಂಬುದು ನನ್ನ ವಾದ.

ಮುಟ್ಟಿನ ಮುಂಚಿನ ಉದ್ವೇಗವನ್ನು ನ್ಯೂಯಾರ್ಕಿನ ವೈದ್ಯ ರಾಬರ್ಟ್ ಫ್ರ್ಯಾಂಕ್ 1931ರಲ್ಲೇ ವರ್ಣಿಸಿದ್ದರು. ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿ 1987ರಲ್ಲಿ ಅದರ ತೀವ್ರ ರೂಪವನ್ನು ಅನುಬಂಧಕ್ಕೆ ಸೇರಿಸಿ, 2013ರಲ್ಲಷ್ಟೇ ಖಿನ್ನತೆಯ ಕಾಯಿಲೆಗಳ ಸಾಲಿಗೆ ತಂದಿತು. ಸ್ತ್ರೀಸಹಜ ದೇಹಧರ್ಮಕ್ಕೆ ಹುಚ್ಚಿನ ಹಣೆಪಟ್ಟಿ ಹಚ್ಚಿದಂತಾಗುತ್ತದೆಂದು ಮನಶ್ಶಾಸ್ತ್ರಜ್ಞೆ ಪೌಲಾ ಕ್ಯಾಪ್ಲನ್ ಮೊದಲಾದವರು ಗಟ್ಟಿಯಾಗಿ ವಿರೋಧಿಸಿದ್ದರು. ಅವರ ಅಂಜಿಕೆಯನ್ನು ತಳ್ಳಿಹಾಕಲಾರೆ. ಹೆಂಗಸು ದನಿಯೇರಿಸಿದರೆ ಸಾಕು, ‘ಡೇಟ್ ಹತ್ರ ಬಂತೇನೋ’ ಎಂದು ನಗುವ ಆಫೀಸುಗಳು ಇಂದಿಗೂ ಇವೆ. ಆದರೆ 1998ರಲ್ಲಿ ಪೀಟರ್ ಶ್ಮಿಟ್ ಮತ್ತು ಸಂಗಡಿಗರ ಪ್ರಯೋಗ ಚರ್ಚೆಯ ದಿಕ್ಕನ್ನೇ ಬದಲಿಸಿತು. ಅಂಡಾಶಯದ ಸ್ರಾವವನ್ನು ಔಷಧದಿಂದ ತಡೆದಾಗ ಹಲವರ ತೊಂದರೆ ಇಳಿಯಿತು. ಈಸ್ಟ್ರೋಜನ್ ಅಥವಾ ಪ್ರೊಜೆಸ್ಟರಾನ್ ಮರಳಿ ಕೊಟ್ಟಾಗ ಅವರಲ್ಲಿ ಮರುಕಳಿಸಿತು, ಆರೋಗ್ಯವಂತರಲ್ಲಿ ಏನೂ ಆಗಲಿಲ್ಲ. ದೋಷವಿರುವುದು ಹಾರ್ಮೋನಿನ ಮಟ್ಟದಲ್ಲಲ್ಲ, ಅದಕ್ಕೆ ಮಿದುಳು ಸ್ಪಂದಿಸುವ ರೀತಿಯಲ್ಲಿ.

ಆದ್ದರಿಂದಲೇ ರಕ್ತಪರೀಕ್ಷೆ ಇದನ್ನು ಹಿಡಿಯದು. ರೋಗನಿರ್ಣಯಕ್ಕೆ ಆ ಕೈಪಿಡಿ ಪಟ್ಟಿ ಮಾಡಿದ 11 ಲಕ್ಷಣಗಳಲ್ಲಿ ಕನಿಷ್ಠ 5 ಮುಟ್ಟಿಗೆ ಮುಂಚಿನ ವಾರ ಕಾಣಿಸಿಕೊಂಡು, ಮುಟ್ಟಾದ ಕೆಲವೇ ದಿನಗಳಲ್ಲಿ ತಗ್ಗಬೇಕು. ಎರಡು ಋತುಚಕ್ರಗಳಾದರೂ ಅದನ್ನು ದಿನದಿನವೂ ಬರೆದಿಡಬೇಕು. ನೆನಪಿನಿಂದ ಹೇಳಿದ್ದು ಸಾಲದು. ಇಷ್ಟು ಶ್ರಮಕ್ಕೆ ಫಲವೂ ಇದೆ: ಖಿನ್ನತೆಗೆ ವಾರಗಟ್ಟಲೆ ಹಿಡಿಯುವ ಎಸ್‌ಎಸ್‌ಆರ್‌ಐ ಮಾತ್ರೆಗಳು ಇಲ್ಲಿ ಕೆಲವೇ ದಿನಗಳಲ್ಲಿ ಗುಣ ತೋರಬಲ್ಲವು, ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ತೆಗೆದುಕೊಂಡರೂ.

ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆ ಕಾಯಿಲೆಯ ನಿರ್ಣಯಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವನ್ನು ಮಾನದಂಡವಾಗಿ ಒಪ್ಪಿದೆ. ಅದರ 11ನೇ ಆವೃತ್ತಿ ಪಿಎಂಡಿಡಿಯನ್ನು ಜನನಾಂಗ-ಮೂತ್ರಾಂಗ ರೋಗಗಳ ಅಧ್ಯಾಯದಲ್ಲಿಟ್ಟು, ಖಿನ್ನತೆಯ ಪಟ್ಟಿಯಲ್ಲೂ ತೋರಿಸುತ್ತದೆ. ಎರಡು ಕಡೆ ಸೇರಿದ ಕಾಯಿಲೆ ಎರಡು ಕಡೆಯವರ ಕೈಯಿಂದಲೂ ಜಾರುವ ಅಪಾಯವಿದೆ. ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿದ ತಿಂಗಳಿಗೊಂದು ದಿನದ ಋತುಚಕ್ರ ರಜೆ ಸ್ವಾಗತಾರ್ಹ. ಆದರೆ ಈ ಕಾಯಿಲೆಯವರ ಕೆಟ್ಟ ದಿನಗಳು ರಕ್ತಸ್ರಾವಕ್ಕೆ ಮುಂಚಿನವು, ಒಂದಕ್ಕಿಂತ ಹೆಚ್ಚಿನವು.

ಬಡಾವಣೆಯ ನರ್ಸಿಂಗ್ ಹೋಮಿನ ಸ್ತ್ರೀರೋಗ ತಜ್ಞರು ಮೊದಲ ಭೇಟಿಯಲ್ಲೇ ಕನ್ನಡದ ದಿನಚರಿ ಹಾಳೆಯೊಂದನ್ನು ಕೊಟ್ಟು, ಎರಡು ತಿಂಗಳ ನಂತರ ಬೇಕಾದವರನ್ನು ಮನೋವೈದ್ಯರಲ್ಲಿಗೆ ಕಳಿಸಲಿ. ಸಾವಿನ ಯೋಚನೆ ಬರುತ್ತಿದ್ದರೆ ಮಾತ್ರ ಅಷ್ಟು ದಿನ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕೂಡಲೇ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.